ಹೆಸರಿನ ಬೆನ್ನು ಹತ್ತಬೇಡಿ, ಸರ್ವೆ ನಂಬರಿನ ಬೆನ್ನು ಹತ್ತಿ

(ಹಳೆಯ ಕಂದಾಯ ದಾಖಲೆಗಳಲ್ಲಿ ಪೂರ್ವಜರನ್ನು ಹುಡುಕುವ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವಂಶವೃಕ್ಷ ಬರೆಯಲು ಕುಳಿತವರು ಮೊದಲು ಕೇಳುವುದು ಜನಗಣತಿಯನ್ನು. ಇಂಗ್ಲೆಂಡಿನವರು 1921ರ ಗಣತಿಯ ಹಾಳೆ ತೆರೆದು ಮುತ್ತಜ್ಜನ ಹೆಸರು, ವಯಸ್ಸು, ಕಸುಬು, ಮನೆಯಲ್ಲಿದ್ದ ಮಕ್ಕಳ ಹೆಸರುಗಳನ್ನೆಲ್ಲ ಓದುತ್ತಾರೆ, ನಮಗೂ ಹಾಗೆ ಸಿಗಬಾರದೇ ಎಂಬುದು ನ್ಯಾಯವಾದ ಆಸೆ. ಆದರೆ ಸಿಗುವುದಿಲ್ಲ. ನಮ್ಮಲ್ಲಿ ಮನೆಮನೆಯ ಗಣತಿ ಚೀಟಿಗಳನ್ನು ಲೆಕ್ಕ ಕೂಡಿಸಿದ ಮೇಲೆ ಉಳಿಸಿಕೊಳ್ಳುವ ಪದ್ಧತಿ ಇರಲಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿಯ ಮೂಲ ದಾಖಲೆಗಳನ್ನು ಯಾರೂ ನೋಡುವಂತಿಲ್ಲ. ಹಾಗಾಗಿ ಭಾರತದ ಗಣತಿಯಲ್ಲಿ ಅಂಕಿಗಳು ಸಿಗುತ್ತವೆ, ಹೆಸರು ಸಿಗುವುದಿಲ್ಲ. ಆ ಅಂಕಿಗಳಿಗೂ ಒಂದು ಉಪಯೋಗವಿದೆ, ಅದನ್ನು ಆಮೇಲೆ ಹೇಳುತ್ತೇವೆ.

ಹೆಸರು ಸಿಗುವುದು ಭೂಮಿಯ ದಾಖಲೆಯಲ್ಲಿ. ಸರ್ಕಾರಕ್ಕೆ ಬೇಕಿದ್ದದ್ದು ಕಂದಾಯ. ಯಾರಿಂದ ವಸೂಲಿ ಮಾಡಬೇಕು ಎಂದು ಬರೆದಿಡಲೇಬೇಕಿತ್ತು. ಕಟ್ಟುವವನು ತೀರಿಕೊಂಡರೆ ಮುಂದೆ ಯಾರು ಎಂದೂ ಬರೆಯಲೇಬೇಕಿತ್ತು. ಆ ಎರಡನೆಯ ಬರಹವೇ ನಮಗೆ ಬೇಕಾದದ್ದು. ಪೌತಿ ಖಾತೆಯ ಒಂದೊಂದು ನಮೂದೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹಾಕಿದ ಗಂಟು.

ಈ ಗಂಟುಗಳನ್ನು ಬಿಚ್ಚುತ್ತಾ ಹಿಂದೆ ಹೋಗುವಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಹೆಸರನ್ನು ಹುಡುಕುವುದು. ನಮ್ಮ ಹಳ್ಳಿಗಳಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ. ಕಾಳನ ಮಗ ತಿಮ್ಮ, ತಿಮ್ಮನ ಮಗ ಕಾಳ, ಅವನ ಮಗ ಮತ್ತೆ ತಿಮ್ಮ. ಕಾಳನಿಗೆ ನಾಲ್ವರು ಗಂಡುಮಕ್ಕಳಿದ್ದರೆ ಆ ನಾಲ್ವರ ಮನೆಯಲ್ಲೂ ಒಬ್ಬೊಬ್ಬ ಕಾಳ ಹುಟ್ಟುತ್ತಾನೆ. ಒಂದೇ ಊರಿನಲ್ಲಿ ‘ಕಾಳ ಬಿನ್ ತಿಮ್ಮ’, ಅಂದರೆ ತಿಮ್ಮನ ಮಗ ಕಾಳ, ಮೂವರಿದ್ದರೆ ನಿಮ್ಮವನು ಯಾರು? ಹೆಸರು ಇದನ್ನು ಹೇಳಲಾರದು, ಹೊಲ ಹೇಳುತ್ತದೆ. ಸರ್ವೆ ನಂಬರು ಎದ್ದು ಪಕ್ಕದೂರಿಗೆ ಹೋಗುವುದಿಲ್ಲ. ಆದ್ದರಿಂದ ಇವತ್ತಿನ ಪಹಣಿಯಿಂದ, ಅಂದರೆ ಹೊಲದ ಖಾತೆದಾರ, ಸಾಗುವಳಿದಾರರ ಹೆಸರಿರುವ ಕಂದಾಯ ದಾಖಲೆಯಿಂದ ಶುರು ಮಾಡಿ, ಅದೇ ನಂಬರನ್ನು ಹಿಡಿದು ಹಿಂದಕ್ಕೆ ಹೋಗಬೇಕು.

ಒಂದು ಉದಾಹರಣೆ ಹಾಕಿಕೊಳ್ಳೋಣ. ಸರ್ವೆ ನಂಬರ್ 47, ಹಿಸ್ಸಾ (ಪಾಲು) 2, ವಿಸ್ತೀರ್ಣ 1 ಎಕರೆ 12 ಗುಂಟೆ. ಪಹಣಿಯ 9ನೇ ಕಾಲಂನಲ್ಲಿ ಈಗಿನ ಖಾತೆದಾರರ ಹೆಸರಿದೆ: ಶಿವಣ್ಣ ಬಿನ್ ಲೇಟ್ ತಿಮ್ಮೇಗೌಡ. ಜನ ಇಷ್ಟು ನೋಡಿ ಮಡಚಿಡುತ್ತಾರೆ. ನೋಡಬೇಕಾದದ್ದು ಪಕ್ಕದ 10ನೇ ಕಾಲಂ. ಜಮೀನು ಯಾವಾಗ, ಹೇಗೆ ಬಂತು ಎಂಬುದು ಅಲ್ಲಿದೆ. ‘ಎಂ.ಆರ್. 12/1987-88, ಪೌತಿ’ ಎಂದಿದ್ದರೆ 1987-88ರ ಸಾಲಿನ ಮ್ಯುಟೇಷನ್ ರಿಜಿಸ್ಟರಿನ (ಖಾತೆ ಬದಲಾವಣೆಯ ಪುಸ್ತಕದ) 12ನೇ ನಮೂದನ್ನು ಕೇಳಬೇಕು. ಆ ಹಾಳೆಯಲ್ಲಿ ತಿಮ್ಮೇಗೌಡ ತೀರಿಕೊಂಡದ್ದು, ಅವನ ವಾರಸುದಾರರೆಲ್ಲರ ಹೆಸರು, ಒಪ್ಪಿಗೆಯ ಸಹಿ ಅಥವಾ ಹೆಬ್ಬೆಟ್ಟು ಇರುತ್ತವೆ. ಅದರ ಹಿಂದಿನ ಕಡತ ಉಳಿದಿದ್ದರೆ ಅರ್ಜಿ, ವಂಶವೃಕ್ಷ, ಹೇಳಿಕೆಗಳೂ ಸಿಗುತ್ತವೆ. ಬರೀ ನಮೂದಿನ ನಕಲಿಗೆ ತೃಪ್ತರಾಗದೆ ‘ಕಡತದ ಸಮೇತ’ ಎಂದು ಅರ್ಜಿಯಲ್ಲಿ ಬರೆಯಿರಿ.

ಈಗ ತಿಮ್ಮೇಗೌಡನ ಹೆಸರಿದ್ದ ಕೈಬರಹದ ಪಹಣಿಗೆ ಹೋಗಿ. ಅಲ್ಲಿ 10ನೇ ಕಾಲಂನಲ್ಲಿ ‘ಪಾಲು, ಎಂ.ಆರ್. 5/1956-57’ ಎಂದಿದೆ ಎನ್ನೋಣ. ಅಂದರೆ ಆ ವರ್ಷ ಅಣ್ಣತಮ್ಮಂದಿರು ಭಾಗ ಮಾಡಿಕೊಂಡಿದ್ದಾರೆ. ಭಾಗಕ್ಕೆ ಮೊದಲು ಇಡೀ 47ನೇ ನಂಬರು 5 ಎಕರೆ 8 ಗುಂಟೆ. ಎಕರೆಗೆ 40 ಗುಂಟೆಯಂತೆ ಅದು 208 ಗುಂಟೆ. ತಿಮ್ಮೇಗೌಡನ 1 ಎಕರೆ 12 ಗುಂಟೆ ಎಂದರೆ 52. 208ನ್ನು 52ರಿಂದ ಭಾಗಿಸಿದರೆ 4. ಮನೆಯವರ ನೆನಪಿನಲ್ಲಿ ಮೂವರೇ ಅಣ್ಣತಮ್ಮಂದಿರು ಇದ್ದರೆ, ನಾಲ್ಕನೆಯವನೊಬ್ಬ ಎಲ್ಲೋ ಕಳೆದುಹೋಗಿದ್ದಾನೆ. ಅವನು ಊರು ಬಿಟ್ಟಿರಬಹುದು, ಸಂತಾನವಿಲ್ಲದೆ ತೀರಿಕೊಂಡಿರಬಹುದು, ಅಥವಾ ಆ ಪಾಲು ವಿಧವೆ ತಾಯಿಗೆ ಬಿಟ್ಟದ್ದಿರಬಹುದು. 47ರ ಉಳಿದ ಹಿಸ್ಸಾಗಳ ಪಹಣಿಗಳನ್ನೂ ತೆಗೆಸಿದರೆ ಉತ್ತರ ಸಿಗುತ್ತದೆ. ನಿಮ್ಮ ಹಿಸ್ಸಾ ಮಾತ್ರ ನೋಡಿದರೆ ಈ ನಾಲ್ಕನೆಯವನು ಎಂದೂ ಕಣ್ಣಿಗೆ ಬೀಳುವುದಿಲ್ಲ. ಈ ಲೆಕ್ಕ ತುಂಬ ಸರಳ, ಆದರೂ ಇದರಷ್ಟು ಪ್ರಯೋಜನಕ್ಕೆ ಬರುವ ಉಪಾಯ ಇನ್ನೊಂದಿಲ್ಲ.

ಕಂದಾಯದ ಮೊತ್ತವೂ ಹೀಗೆಯೇ ಗುರುತು ಹಿಡಿಯಲು ಬರುತ್ತದೆ. ಸೆಟ್ಲ್‌ಮೆಂಟಿನಲ್ಲಿ ಒಮ್ಮೆ ನಿಗದಿಯಾದ ಕಂದಾಯ ಸಾಮಾನ್ಯವಾಗಿ 30 ವರ್ಷ ಬದಲಾಗುತ್ತಿರಲಿಲ್ಲ. ಇಡೀ 47ಕ್ಕೆ 3 ರೂಪಾಯಿ 4 ಆಣೆ ಎಂದರೆ 52 ಆಣೆ, ನಾಲ್ಕು ಪಾಲಾದರೆ ತಲಾ 13 ಆಣೆ. ಮನೆಯ ಪೆಟ್ಟಿಗೆಯಲ್ಲಿ ಸರ್ವೆ ನಂಬರಿಲ್ಲದ ಹಳೆಯ ರಸೀದಿ ಸಿಕ್ಕಿ ಅದರಲ್ಲಿ ‘0-13-0’ ಎಂದಿದ್ದರೆ ಅದು ಯಾವ ಹೊಲದ್ದಿರಬಹುದು ಎಂದು ಊಹಿಸಬಹುದು. ರಸೀದಿಯಲ್ಲಿ ಸೆಸ್ಸುಗಳು ಸೇರಿರುತ್ತವೆ, ಅವನ್ನು ಕಳೆದು ನೋಡಿ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೆ 13 ಆಣೆ 81 ಪೈಸೆಯಾಯಿತು. ಅಂಕಿ ಬದಲಾಯಿತೆಂದು ಹೊಲ ಬೇರೆ ಎಂದುಕೊಳ್ಳಬೇಡಿ.

ಪಹಣಿಗಿಂತ ಹಿಂದೆ ಹೋದರೆ ಹಳೇ ಮೈಸೂರಿನಲ್ಲಿ ಸಿಗುವುದು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಕಚೇರಿಯಲ್ಲಿ ಐ.ಎಲ್., ಆರ್.ಆರ್. ಎಂದರೆ ಸಾಕು. 1927ರ ಕಾಯ್ದೆಯ ನಂತರ ತಾಲ್ಲೂಕಿನಿಂದ ತಾಲ್ಲೂಕಿಗೆ ಇವು ಬಂದವು. ಹಕ್ಕು ಕ್ರಯದಿಂದ ಬಂತೋ, ಪಿತ್ರಾರ್ಜಿತವೋ, ಭೋಗ್ಯಕ್ಕೆ ಹೋಗಿದೆಯೋ ಎಂಬುದೆಲ್ಲ ಇದರಲ್ಲಿದೆ. ಅದಕ್ಕೂ ಹಿಂದೆ ಮೂಲ ಸರ್ವೆ. ಮೈಸೂರಿನಲ್ಲಿ ಬಾಂಬೆ ಪದ್ಧತಿಯ ರೆವಿನ್ಯೂ ಸರ್ವೆ 1863ರಲ್ಲಿ ಶುರುವಾಗಿ ಕೆಲವು ದಶಕ ನಡೆಯಿತು. ಅದರ ಟಿಪ್ಪಣಿ ಮತ್ತು ಪ್ರತಿ ಪುಸ್ತಕಗಳನ್ನು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಅಂದರೆ ತಾಲ್ಲೂಕಿನ ಸರ್ವೆ ಶಾಖೆಯಲ್ಲಿ ಕೇಳಬೇಕು. ಟಿಪ್ಪಣಿ ಹೊಲದ ನಕ್ಷೆ, ಅಲ್ಲಿನ ಅಳತೆ 33 ಅಡಿಯ ಸರಪಳಿ ಮತ್ತು ಆಣೆಗಳಲ್ಲಿ, 16 ಆಣೆ ಒಂದು ಸರಪಳಿ. ದುಡ್ಡಿನ ಆಣೆಯೊಂದಿಗೆ ಇದನ್ನು ಬೆರೆಸಿಕೊಳ್ಳಬೇಡಿ. ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಆಕಾರ (ನಿಗದಿಯಾದ ಕಂದಾಯ) ಇವುಗಳ ಲೆಕ್ಕ ಆಕಾರಬಂದಿನಲ್ಲಿ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಹಳೆಯ ಹಿಡುವಳಿದಾರನ ಹೆಸರಿಗೆ ಖೇತವಾರು ಪತ್ರಿಕೆ ಉಳಿದಿದೆಯೇ ಎಂದು ವಿಚಾರಿಸಿ. ರೀ-ಸರ್ವೆ ಆದ ಊರುಗಳಲ್ಲಿ ನಂಬರುಗಳೇ ಬದಲಾಗಿರುತ್ತವೆ. ಹಳೇ ನಂಬರಿಗೆ ಹೊಸ ನಂಬರು ಯಾವುದು ಎಂಬ ತಾಳೆ ಪಟ್ಟಿ ಇಲ್ಲದೆ ಅಲ್ಲಿ ಒಂದು ಹೆಜ್ಜೆಯನ್ನೂ ಇಡಬೇಡಿ. ಪಕ್ಕದವರ ಪೂರ್ವಜರನ್ನು ನಮ್ಮವರೆಂದು ಬರೆದುಕೊಳ್ಳುವುದು ಬಹುಪಾಲು ಇಲ್ಲಿಯೇ.

ಭೂಮಿ ತಂತ್ರಾಂಶದ ಪಹಣಿಯನ್ನು ಅಂತಿಮ ಮಾತೆಂದು ನಂಬಬೇಡಿ. ಗಣಕೀಕರಣದ ಹೊತ್ತಿನಲ್ಲಿ ಕೈಬರಹ ನೋಡಿ ಟೈಪು ಮಾಡುವಾಗ ತಂದೆಯ ಹೆಸರು ಬಿಟ್ಟುಹೋದದ್ದು, ‘ಚಿಕ್ಕ’ ಇದ್ದಲ್ಲಿ ‘ದೊಡ್ಡ’ ಆದದ್ದು ಉಂಟು. ಅದಕ್ಕೆ ಮುಂಚಿನ ಕೊನೆಯ ಕೈಬರಹದ ಪಹಣಿಯೊಂದಿಗೆ ತಾಳೆ ನೋಡಿಯೇ ಮುಂದೆ ಹೋಗಿ. ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ.

ಅರ್ಜಿ ಬರೆಯುವ ರೀತಿಗೂ ಮಹತ್ವವಿದೆ. ‘ನಮ್ಮ ತಾತನ ದಾಖಲೆ ಕೊಡಿ’ ಎಂದರೆ ಯಾರಿಂದಲೂ ಹುಡುಕಲಾಗದು. ಹೋಬಳಿ, ಗ್ರಾಮ, ಸರ್ವೆ ನಂಬರ್, ದಾಖಲೆಯ ಹೆಸರು, ಯಾವ ಸಾಲಿನಿಂದ ಯಾವ ಸಾಲಿಗೆ, ಇಷ್ಟೂ ಇರಬೇಕು. ಗ್ರಾಮ ಎಂದರೆ ಕಂದಾಯ ಗ್ರಾಮ. ನಿಮ್ಮ ಮನೆ ಮಜರೆಯಲ್ಲಿ, ಅಂದರೆ ಮೂಲ ಗ್ರಾಮಕ್ಕೆ ಸೇರಿದ ಚಿಕ್ಕ ಊರಿನಲ್ಲಿದ್ದರೂ ದಾಖಲೆ ಮೂಲ ಗ್ರಾಮದ ಹೆಸರಿನಲ್ಲಿರುತ್ತದೆ. ಬೇಚಿರಾಕ್ ಗ್ರಾಮಗಳ ವಿಷಯವೂ ಹೀಗೆಯೇ. ಬೇಚಿರಾಕ್ ಎಂದರೆ ದೀಪವಿಲ್ಲದ್ದು, ಜನವಸತಿ ಹೋದ ಊರು. ಜನ ಹೋದರೂ ಸರ್ವೆ ನಂಬರುಗಳು ಆ ಊರಿನ ಹೆಸರಲ್ಲೇ ಮುಂದುವರಿಯುತ್ತವೆ. ಪ್ಲೇಗು, ಬರ, ಮಲೇರಿಯಾಕ್ಕೆ ಹೆದರಿ ಪಕ್ಕದೂರಿಗೆ ಬಂದ ಮನೆತನಗಳ ಹಳೆಯ ಕಾಗದ ಇಂಥ ಊರಿನ ಪುಸ್ತಕದಲ್ಲಿ ಸಿಗಬಹುದು. ದಾಖಲೆ ಇಲ್ಲವೆಂದರೆ ಬಾಯಿಮಾತಿಗೆ ವಾಪಸು ಬರಬೇಡಿ, ‘ಲಭ್ಯವಿಲ್ಲ’ ಎಂಬ ಹಿಂಬರಹ ಕೇಳಿ ಪಡೆಯಿರಿ. ಹಿಂಬರಹ ಬರೆಯಬೇಕಾದಾಗ ಇನ್ನೊಮ್ಮೆ ಹುಡುಕುತ್ತಾರೆ.

ಭೂಮಿ ಇಲ್ಲದವರು ಏನು ಮಾಡಬೇಕು? ಇದು ಈ ಉಪನ್ಯಾಸದ ಮುಖ್ಯ ಭಾಗ, ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಖಾತೆ ಇದ್ದವರ ಪೂರ್ವಜರನ್ನು ಹುಡುಕುವುದು ಸುಲಭ. ದಾಖಲೆ ಬರೆದವರು ಅವರಿಗಾಗಿಯೇ ಬರೆದರು. ಆದರೆ ಗೇಣಿ ಮಾಡಿದವರು, ಊರ ಚಾಕರಿ ಮಾಡಿದವರು ದಾಖಲೆಯಲ್ಲೇ ಇಲ್ಲವೆಂದು ಕೈಬಿಡುವುದು ತಪ್ಪು, ಅವರು ಬೇರೆ ಪುಸ್ತಕಗಳಲ್ಲಿದ್ದಾರೆ.

ಮೊದಲನೆಯದು ಪಹಣಿಯ 12ನೇ ಕಾಲಂ. ಅಲ್ಲಿರುವುದು ಸಾಗುವಳಿ ಮಾಡಿದವನ ಹೆಸರು. 9ನೇ ಕಾಲಂನ ಖಾತೆದಾರ ಪಟ್ಟಣದಲ್ಲಿ ಕುಳಿತಿದ್ದರೂ 12ರಲ್ಲಿ ಉತ್ತವನ ಹೆಸರಿರುತ್ತದೆ. ಎರಡನೆಯದು ಭೂನ್ಯಾಯ ಮಂಡಳಿಯ ಕಡತ. ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, 1979ರ ಜೂನ್ 30 ಕೊನೆಯ ದಿನವಾಗಿತ್ತು. ಎಷ್ಟು ಕಾಲದಿಂದ ಗೇಣಿ ಮಾಡುತ್ತಿದ್ದೇವೆ ಎಂದು ತೋರಿಸಲು ಅರ್ಜಿದಾರರು ತಂದೆ, ತಾತನ ಹೆಸರು ಹೇಳಿದ್ದಾರೆ, ನೆರೆಹೊರೆಯವರು ಸಾಕ್ಷಿ ನುಡಿದಿದ್ದಾರೆ, ಗೇಣಿ ಚೀಟಿಗಳನ್ನು ಹಾಜರುಪಡಿಸಿದ್ದಾರೆ. ಎಷ್ಟೋ ಕುಟುಂಬಗಳ ಹಿರಿಯರ ಮಾತು ಕಾಗದದ ಮೇಲೆ ಉಳಿದಿರುವುದು ಈ ಕಡತಗಳಲ್ಲಿ ಮಾತ್ರ. ಈ ಕಡತಗಳು ಮಳೆನೀರಿಗೆ ಸಿಕ್ಕಿ ಹಾಳಾದರೆ ಆ ಮಾತು ಮತ್ತೆಲ್ಲೂ ಸಿಗುವುದಿಲ್ಲ. ಅರ್ಜಿ ಮಂಜೂರಾದವರ ಮನೆಯಲ್ಲಿ ನಮೂನೆ 10 ಇದ್ದೇ ಇರುತ್ತದೆ, ಅದರ ಮೇಲಿನ ಪ್ರಕರಣ ಸಂಖ್ಯೆ ಹಿಡಿದು ಕಡತ ಕೇಳಿ. ವಜಾ ಆದ ಅರ್ಜಿಗಳ ಕಡತವೂ ನಮಗೆ ಅಷ್ಟೇ ಬೆಲೆಯದು.

ಮೂರನೆಯದು ಚಾಕರಿ ಇನಾಂ. ಪಟೇಲ, ಶಾನುಭೋಗರಿಗೆ ಮಾತ್ರವಲ್ಲ, ತೋಟಿ, ತಳವಾರ, ನೀರಗಂಟಿಗಳಿಗೂ ಕೆಲಸಕ್ಕೆ ಪ್ರತಿಯಾಗಿ ಇನಾಂ ಜಮೀನಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಯಾಗಿ ಆ ಜಮೀನುಗಳು ಸರ್ಕಾರಕ್ಕೆ ಸೇರಿ, ಆಮೇಲೆ ಹಕ್ಕುದಾರರಿಗೆ ಮರುಮಂಜೂರಾದವು. ತಲೆತಲಾಂತರದ ಸರದಿಯ ಚಾಕರಿಯಾದ್ದರಿಂದ ಕುಟುಂಬದ ಎಲ್ಲ ಕವಲಿನವರೂ ಪಾಲು ಕೇಳಿದ್ದಾರೆ, ಹಾಗಾಗಿ ಮರುಮಂಜೂರಾತಿ ಕಡತಗಳಲ್ಲಿ ದೊಡ್ಡ ವಂಶವೃಕ್ಷಗಳು ಸಿಗುತ್ತವೆ. ಇವು ಬಹುಪಾಲು ದಲಿತ ಮತ್ತು ಹಿಂದುಳಿದ ಕುಟುಂಬಗಳದ್ದು. ಜೊತೆಗೆ ದರಖಾಸ್ತು (ಅರ್ಜಿಯ ಮೇಲೆ ಸರ್ಕಾರಿ ಜಮೀನು ಕೊಡುವ) ಮಂಜೂರಾತಿಯ ಸಾಗುವಳಿ ಚೀಟಿ ರಿಜಿಸ್ಟರುಗಳನ್ನೂ ನೋಡಿ.

ಕರ್ನಾಟಕವೆಲ್ಲ ಒಂದೇ ಅಲ್ಲ ಎನ್ನುವುದು ದಾಖಲೆ ಹುಡುಕುವಾಗ ಚೆನ್ನಾಗಿ ಅರ್ಥವಾಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಪೌತಿಗೆ ‘ವಾರಸಾ’ ಅನ್ನುತ್ತಾರೆ, ಪಹಣಿಗೆ ‘ಉತಾರ’. ಅಲ್ಲಿ ಹಕ್ಕು ದಾಖಲೆ 20ನೇ ಶತಮಾನದ ಮೊದಲ ದಶಕಗಳಲ್ಲೇ ಬಂದಿತ್ತು, ಆದ್ದರಿಂದ ಹಳೇ ಮೈಸೂರಿಗಿಂತ ಹೆಸರುಗಳ ಸರಪಳಿ ಉದ್ದ. ನಂಬರಿನ ಬದಲಾವಣೆಗೆ ಕೆ.ಜೆ.ಪಿ., ಅಂದರೆ ಕಮಿ ಜಾಸ್ತಿ ಪತ್ರಕ ನೋಡಬೇಕು. ವಂಶಪಾರಂಪರ್ಯವಾಗಿ ಊರ ಹುದ್ದೆ ನಡೆಸಿದ ವತನದಾರ ಮನೆತನಗಳಿಗೆ 1874ರ ವತನ ಕಾಯ್ದೆಯ ರಿಜಿಸ್ಟರುಗಳಿವೆ. ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರಬಹುದು. ಬೀದರ್, ಕಲಬುರಗಿ, ರಾಯಚೂರಿನಲ್ಲಿ 1954-55ರ ಖಾಸ್ರಾ ಪಹಣಿಯೇ ಆಧಾರ, ಅದಕ್ಕೂ ಹಿಂದಿನದು ಸೇತ್ವಾರ್ ಎಂಬ ಸರ್ವೆ ಕಾಲದ ಜಮೀನು ಪಟ್ಟಿ, ಅದು ಉರ್ದುವಿನಲ್ಲಿ. ಅಲ್ಲಿನ ಕಂದಾಯ ಲೆಕ್ಕದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ: ಫಸಲಿ 1364 ಎಂದರೆ 1954-55. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿದ್ದವು. ಅಲ್ಲಿ ಇನಾಂದಾರ ಮನೆತನವಾದರೆ 1860ರ ಸುಮಾರಿನ ಇನಾಂ ಫೇರ್ ರಿಜಿಸ್ಟರ್ ಒಂದು ನಿಧಿ. ಮೂಲ ದಾನ ಪಡೆದವನು ಯಾರು, ಈಗ ಅನುಭವಿಸುತ್ತಿರುವವನ ಹೆಸರು ಮತ್ತು ವಯಸ್ಸು ಏನು, ಅವರಿಬ್ಬರ ಸಂಬಂಧ ಏನು ಎಂದು ಅದರಲ್ಲಿ ಕಾಲಂಗಳೇ ಇವೆ. ಮೇಲಿನ ಹಂತದ ಕಡತಗಳಿಗೆ ಚೆನ್ನೈನ ಪತ್ರಾಗಾರಕ್ಕೆ ಹೋಗಬೇಕಾಗಬಹುದು.

ತುಳುನಾಡಿನ ಕಾಗದ ಓದುವವರಿಗೆ ಒಂದು ಎಚ್ಚರಿಕೆ. ಅಳಿಯಸಂತಾನದ ಕುಟುಂಬಗಳಲ್ಲಿ ವರ್ಗದ (ಹಿಡುವಳಿಯ) ಪಟ್ಟೆ ಯಜಮಾನನ ಹೆಸರಿನಲ್ಲಿರುತ್ತದೆ, ಅವನ ನಂತರ ಬರುವವನು ತಮ್ಮ ಅಥವಾ ಸೋದರಳಿಯ, ಮಗನಲ್ಲ. ಒಂದರ ಕೆಳಗೊಂದು ಹೆಸರು ಕಂಡಿತೆಂದು ತಂದೆ-ಮಗ ಎಂದು ಬರೆದರೆ ವಂಶವೃಕ್ಷವೇ ತಲೆಕೆಳಗಾಗುತ್ತದೆ. ಬಯಲುಸೀಮೆಯಲ್ಲಿ ಇದಕ್ಕೆ ಸಮನಾದದ್ದು ಮನೆ ಅಳಿಯ ಮತ್ತು ದತ್ತು. ಜಮೀನು ಮಾವನಿಂದ ಅಳಿಯನಿಗೆ ಬಂದಿರುತ್ತದೆ, ‘ಬಿನ್’ ಮುಂದೆ ಇರುವುದು ಬೇರೆ ಊರಿನ ತಂದೆಯ ಹೆಸರು. ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿ ಒಕ್ಕದ (ಒಂದೇ ಮೂಲದ ಮನೆತನದ) ಪಟ್ಟೆದಾರನ ಹೆಸರಿನಲ್ಲಿರುತ್ತದೆ, ಆದರೆ ಒಕ್ಕದ ಹೆಸರು ಜೊತೆಗಿರುವುದರಿಂದ ಗೊಂದಲ ಕಡಿಮೆ.

ಹೆಂಗಸರ ಹೆಸರು ಸಿಗುವುದು ಕಷ್ಟ. ‘ಕೋಂ’ ಎಂದರೆ ಹೆಂಡತಿ, ‘ಬಿಂತ್’ ಎಂದರೆ ಮಗಳು. ಗಂಡ ಸತ್ತು ಮಕ್ಕಳು ಮೈನರ್ ಆಗಿದ್ದಾಗ ಮಾತ್ರ ತಾಯಿಯ ಹೆಸರು ಗಾರ್ಡಿಯನ್ ಎಂದು ಬರುತ್ತಿತ್ತು. ಮೈಸೂರಿನ 1933ರ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1994ರ ಕರ್ನಾಟಕದ ತಿದ್ದುಪಡಿ, ಈ ಒಂದೊಂದರ ನಂತರವೂ ಕಾಗದದಲ್ಲಿ ಹೆಣ್ಣುಮಕ್ಕಳು ಕಾಣಿಸುವುದು ಹೆಚ್ಚಾಗಿದೆ. ಹಕ್ಕು ಬಿಡುಗಡೆ ಪತ್ರಗಳನ್ನು ತಪ್ಪದೆ ನೋಡಿ, ಹಕ್ಕು ಬಿಟ್ಟುಕೊಡುವ ಹೊತ್ತಿಗಾದರೂ ಅಕ್ಕತಂಗಿಯರ ಹೆಸರು, ಗಂಡನ ಊರು ಬರೆದಿದ್ದಾರೆ. ಇವು ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕದಲ್ಲಿರುತ್ತವೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಶುಲ್ಕ ಕೊಟ್ಟು ಆ ಪುಸ್ತಕದ ಸೂಚಿಯನ್ನು ಯಾರು ಬೇಕಾದರೂ ನೋಡಬಹುದು. ಗಣಕೀಕೃತ ಋಣಭಾರ ಪತ್ರ 2004ರಿಂದ ಈಚೆಗಿನದು, ಅದಕ್ಕೂ ಹಿಂದಿನದನ್ನು ಕೈಯಿಂದಲೇ ಹುಡುಕಿಸಬೇಕು.

ಇನ್ನೊಂದು ತಪ್ಪು ಪೌತಿಯ ವರ್ಷವನ್ನು ಸಾವಿನ ವರ್ಷ ಎಂದು ಬರೆದುಕೊಳ್ಳುವುದು. ಅಪ್ಪ ತೀರಿಕೊಂಡು 20 ವರ್ಷವಾದ ಮೇಲೆ ಸಾಲಕ್ಕೋ ಮಾರಾಟಕ್ಕೋ ಬೇಕಾದಾಗ ಖಾತೆ ಮಾಡಿಸಿದವರು ಬೇಕಾದಷ್ಟು ಜನ. ‘1987ಕ್ಕೆ ಮೊದಲು ಮರಣ’ ಎಂದಷ್ಟೇ ಬರೆಯಿರಿ.

ಗಣತಿಯ ಉಪಯೋಗ ಹೇಳುತ್ತೇವೆ ಎಂದಿದ್ದೆವು. 1951ರಿಂದ ಬಂದ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಊರೂರಿನ ಮನೆ ಮತ್ತು ಜನಸಂಖ್ಯೆ ಇದೆ. ನಿಮ್ಮ ಊರಿನಲ್ಲಿ ಆಗ 25 ಮನೆ ಇದ್ದರೆ ‘ಕಾಳ ಬಿನ್ ತಿಮ್ಮ’ ಇಬ್ಬರಿರುವ ಸಾಧ್ಯತೆ ಕಡಿಮೆ, 400 ಮನೆ ಇದ್ದರೆ ಎಚ್ಚರಿಕೆ ಬೇಕು. ಇನ್ನೊಂದು, ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 41.8 ಲಕ್ಷಕ್ಕೆ ಇಳಿಯಿತು. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ (1876-78) ಮಹಾ ಬರ. ಮೂಲ ಸರ್ವೆಯ ಹೆಸರಿಗೂ ಮುಂದಿನ ಹೆಸರಿಗೂ ಸಂಬಂಧವೇ ಕಾಣದೆ ಸರಪಳಿ ಕಡಿದಿದ್ದರೆ ಈ ಬರವನ್ನು ನೆನಪಿಸಿಕೊಳ್ಳಿ. ಮನೆಗೆ ಮನೆಯೇ ಖಾಲಿಯಾಗಿ, ಹೊಲ ಸರ್ಕಾರಕ್ಕೆ ಬಿಟ್ಟುಹೋಗಿ, ಇನ್ನೊಬ್ಬರು ಹಿಡಿದಿರಬಹುದು.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳು.

ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರ ಪುಸ್ತಕವನ್ನು ನಂಬಬಹುದೇ? ಹೆಸರುಗಳ ಸಾಲಿಗೆ, ಮೂಲ ಊರಿಗೆ, ಬೆಡಗಿಗೆ (ಕುಲದ ಕವಲಿಗೆ) ಖಂಡಿತ ನೋಡಿ. ಸರ್ವೆಗಿಂತ ಹಿಂದಿನ ತಲೆಮಾರುಗಳಿಗೆ ಬೇರೆ ಆಧಾರವೇ ಇರುವುದಿಲ್ಲ. ಆದರೆ ಅವರಲ್ಲಿ ಇಸವಿ ಸಿಗುವುದಿಲ್ಲ. ಹೆಳವರು ಹೇಳಿದ ಸಾಲಿನ ಕೆಳಗಿನ ಮೂರ್ನಾಲ್ಕು ಹೆಸರು ಪಹಣಿ, ಆರ್.ಆರ್.ಗಳೊಂದಿಗೆ ಹೊಂದಿದರೆ ಮೇಲಿನ ಹೆಸರುಗಳಿಗೆ ಬಲ ಬರುತ್ತದೆ. ವಂಶವೃಕ್ಷದಲ್ಲಿ ಯಾವ ಹೆಸರು ಎಲ್ಲಿಂದ ಬಂತು ಎಂದು ಪಕ್ಕದಲ್ಲೇ ಬರೆದಿಡಿ.

ಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕಿದೆ, ಏನು ಮಾಡಬೇಕು? ಅದಕ್ಕೂ ಕಡತ ಎನ್ನುತ್ತಾರೆ, ಆದರೆ ಇಲ್ಲಿಯವರೆಗೆ ಹೇಳಿದ ಕಚೇರಿಯ ಕಡತವಲ್ಲ. ಬಟ್ಟೆಗೆ ಇದ್ದಿಲು ಮತ್ತು ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಬಳಪದಲ್ಲಿ ಬರೆದ ಲೆಕ್ಕ. ಶಾನುಭೋಗರ ಮನೆಗಳಲ್ಲಿ, ವ್ಯಾಪಾರಿಗಳ ಮನೆಗಳಲ್ಲಿ, ಮಠಗಳಲ್ಲಿ ಇವು ಇನ್ನೂ ಉಳಿದಿವೆ. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಆದ್ದರಿಂದ ಧೂಳು ಒರೆಸಬೇಡಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ತಾಳೆಗರಿಗೆ ಎಣ್ಣೆ ಹಚ್ಚುತ್ತಾರೆಂದು ಇದಕ್ಕೂ ಹಚ್ಚಬೇಡಿ. ಕಿಟಕಿಯ ಪಕ್ಕ ಸಮತಟ್ಟಾದ ಮೇಜಿನ ಮೇಲೆ ಒಂದೊಂದೇ ಮಡಿಕೆ ಬಿಡಿಸಿ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು, ಫ್ಲ್ಯಾಷ್ ಇಲ್ಲದೆ ಫೋಟೊ ತೆಗೆಯಿರಿ. ಎರಡೂ ಮಗ್ಗುಲು ಬರೆದಿರುತ್ತಾರೆ, ಹಿಂಬದಿಯನ್ನು ಮರೆಯಬೇಡಿ. ಪ್ರತಿ ಫೋಟೊದಲ್ಲೂ ಮಡಿಕೆಯ ಸಂಖ್ಯೆ ಬರೆದ ಚೀಟಿ ಕಾಣಲಿ. ಇಸವಿಯ ಬದಲು ಸಂವತ್ಸರದ ಹೆಸರಿರುತ್ತದೆ. ಪ್ರಭವ 1867, 1927, 1987ರ ಯುಗಾದಿಗೆ ಬಂದದ್ದು, ಅಲ್ಲಿಂದ ಎಣಿಸಿ. ಒಂದೇ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಯಾವ ಸುತ್ತು ಎಂಬುದನ್ನು ಲೆಕ್ಕದ ನಾಣ್ಯ ಹೇಳುತ್ತದೆ. ವರಹ, ಹಣ, ಹಾಗ, ವೀಸಗಳಲ್ಲಿದ್ದರೆ ಹಳೆಯ ಸುತ್ತು. ಹಾಗ ಎಂದರೆ ಕಾಲು ಹಣ, ವೀಸ ಎಂದರೆ ಹದಿನಾರನೇ ಒಂದು ಪಾಲು. ರೂಪಾಯಿ, ಆಣೆ, ಪೈ ಇದ್ದರೆ ಈಚಿನದು. ಓದಲು ಬರುವವರು ಸಿಗುವ ತನಕ ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೊದಲು ಹೇಗೆ ಮಡಿಸಿತ್ತೋ ಅದೇ ಮಡಿಕೆಯಲ್ಲಿ, ಗೋಡೆಗೆ ತಾಗದಂತೆ ಇಡಿ.